ಮ್ಯಾನೇಜರ್‌ಗೂ ಆಫೀಸಿಗೂ ನಡುವೆ ಸಿಕ್ಕಿಕೊಂಡ ಹುಡುಗ

ಈ ಪ್ರಕರಣ ಬರೆಯಲು ಸುಹಾಸ್ ಒಪ್ಪಿಗೆ ಕೊಟ್ಟಿದ್ದಾರೆ. ಸುಹಾಸ್ ಅನ್ನುವುದು ಅವರ ನಿಜವಾದ ಹೆಸರಲ್ಲ. ಊರು, ವಯಸ್ಸು, ಮನೆಯ ವಿವರಗಳನ್ನು ಸ್ವಲ್ಪ ಬದಲಿಸಿದ್ದೇನೆ. ಅವರ ತಂಡ ಯಾವುದು ಅಂತ ಹೇಳುವುದಿಲ್ಲ.

ನಾನು ಕೌನ್ಸೆಲಿಂಗ್ ಮಾಡುವವಳು. ವಿಡಿಯೊ ಕಾಲ್‌ನಲ್ಲಿ ಮೊದಲ ಸೆಷನ್ ನನಗೆ ಬೆಳಗ್ಗೆ ಒಂಬತ್ತಕ್ಕೆ. ಅವರಿಗೆ ಹಿಂದಿನ ರಾತ್ರಿ ಹನ್ನೊಂದೂವರೆ. ಅಮೆರಿಕದ ಯಾವುದೋ ಊರಿನ ಹೋಟೆಲ್ ಕೋಣೆ, ಹಿಂದೆ ಬಿಚ್ಚದೇ ಇಟ್ಟ ಸೂಟ್‌ಕೇಸ್. ಮೊದಲ ಹತ್ತು ನಿಮಿಷ ಇಂಗ್ಲಿಷಿನಲ್ಲೇ ಮಾತಾಡಿದರು. ಕೆಲಸ, ಒತ್ತಡ, ಪ್ರಯಾಣ, ಎಲ್ಲ ಅಚ್ಚುಕಟ್ಟಾಗಿ ಹೇಳಿದರು. ಆಮೇಲೆ ಇದ್ದಕ್ಕಿದ್ದಂತೆ ಕನ್ನಡಕ್ಕೆ ಬಂದು, "ಮೇಡಂ, ನಂಗೆ ನಿದ್ದೆನೇ ಬರ್ತಿಲ್ಲ. ಎದೆ ಡವಡವ ಅನ್ನತ್ತೆ" ಅಂದರು.

ಎದೆ ಡವಡವ ಅಂದಾಗ ನಾನು ಮೊದಲು ಹೇಳುವುದು ಒಂದೇ ಮಾತು. ಡಾಕ್ಟರ ಹತ್ತಿರ ಹೋಗಿ, ಹೃದಯ, ಥೈರಾಯ್ಡ್ ತೋರಿಸಿಕೊಂಡು ಬನ್ನಿ. ಅವರು ತೋರಿಸಿಕೊಂಡರು. ಎಲ್ಲ ಸರಿ ಇತ್ತು. ಹಾಗಾದರೆ ಇದು ಮನಸ್ಸಿನ ಕಡೆಯದು ಅಂತ ನಾವಿಬ್ಬರೂ ಕೂತೆವು.

ಸುಹಾಸ್ ಮಧ್ಯ ಕರ್ನಾಟಕದ ಊರಿನವರು. ಇಲ್ಲಿ ಎಂಜಿನಿಯರಿಂಗ್, ಅಲ್ಲಿ ಸಂಖ್ಯಾಶಾಸ್ತ್ರ. ನಾಲ್ಕು ವರ್ಷದಿಂದ ಅಲ್ಲಿನ ಅತಿ ದೊಡ್ಡ ಬೇಸ್‌ಬಾಲ್ ಲೀಗ್ ಆದ ಮೇಜರ್ ಲೀಗ್ ಬೇಸ್‌ಬಾಲ್‌ನ ತಂಡವೊಂದರಲ್ಲಿ ಅಂಕಿಅಂಶದ ಕೆಲಸ. ಮಾರ್ಚ್ ಕೊನೆಯಿಂದ ಸೆಪ್ಟೆಂಬರ್ ಕೊನೆಯವರೆಗೆ 162 ಪಂದ್ಯ. ಇವರು ತಂಡದ ಜೊತೆಗೇ ಊರೂರು ಸುತ್ತುತ್ತಾರೆ.

ಬೇಸ್‌ಬಾಲ್ ಗೊತ್ತಿಲ್ಲದವರಿಗೆ ಒಂದು ಮಾತು. ಅಲ್ಲಿ ಮ್ಯಾನೇಜರ್ ಅಂದರೆ ಆಫೀಸಿನಲ್ಲಿ ಕೂರುವವನಲ್ಲ. ಆಟಗಾರರ ಹಾಗೇ ಯೂನಿಫಾರ್ಮ್ ಹಾಕಿಕೊಂಡು ಡಗ್‌ಔಟ್‌ನಲ್ಲಿ, ಅಂದರೆ ಮೈದಾನದ ಪಕ್ಕ ತಂಡ ಕೂರುವ ಜಾಗದಲ್ಲಿ, ನಿಲ್ಲುವವನು. ಯಾರು ಆಡಬೇಕು, ಪಿಚರ್‌ನನ್ನು, ಅಂದರೆ ಚೆಂಡು ಎಸೆಯುವವನನ್ನು, ಯಾವಾಗ ಬದಲಿಸಬೇಕು ಅನ್ನುವುದು ಅವನ ಕೈಯಲ್ಲಿ. ಅಂದರೆ, ಇರಬೇಕಿತ್ತು. ಆಟಗಾರರನ್ನು ಕೊಳ್ಳುವುದು, ಮಾರುವುದು, ಸಂಬಳ, ಅಂಕಿಅಂಶ, ಇದೆಲ್ಲ ಫ್ರಂಟ್ ಆಫೀಸಿನದು, ಅಂದರೆ ತಂಡದ ಆಡಳಿತ ನೋಡಿಕೊಳ್ಳುವವರದು. ಮ್ಯಾನೇಜರ್‌ನನ್ನು ಕೆಲಸಕ್ಕೆ ಇಟ್ಟುಕೊಳ್ಳುವುದೂ ತೆಗೆಯುವುದೂ ಅದೇ ಆಫೀಸು. ಈಗ ಆ ಆಫೀಸಿನ ಕೈ ಡಗ್‌ಔಟ್‌ವರೆಗೂ ಚಾಚಿದೆ.

ಆ ಕೈ ನಮ್ಮ ಸುಹಾಸ್. ಪ್ರತಿ ಮಧ್ಯಾಹ್ನ ಅವರು ಮ್ಯಾನೇಜರ್ ಕೋಣೆಗೆ ಹೋಗಿ ಒಂದು ಕಾರ್ಡ್ ಕೊಡುತ್ತಾರೆ. ಅದರಲ್ಲಿ ಎದುರು ತಂಡದ ಪ್ರತಿ ಬ್ಯಾಟರ್‌ಗೆ ಯಾವ ಪಿಚರ್ ಸರಿ, ಯಾರನ್ನು ಎಷ್ಟರ ತನಕ ಆಡಿಸಬೇಕು, ಎಲ್ಲ ಹಸಿರು ಕೆಂಪು ಬಣ್ಣದಲ್ಲಿ ಇರುತ್ತದೆ. ಪಂದ್ಯ ಶುರುವಾದ ಮೇಲೆ ಡಗ್‌ಔಟ್‌ನಲ್ಲಿ ಮೊಬೈಲ್ ಬಳಸುವ ಹಾಗಿಲ್ಲ. ಮೇಲಿಂದ ಫೋನ್ ಮಾಡಿ ಹೇಳುವ ಹಾಗಿಲ್ಲ. ಹೇಳುವುದೆಲ್ಲ ಮೊದಲೇ ಹೇಳಿ ಮುಗಿಸಬೇಕು. ಆಮೇಲೆ ಆ ಕಾರ್ಡ್ ಮ್ಯಾನೇಜರ್‌ನ ಹಿಂದಿನ ಜೇಬಿನಲ್ಲಿ ಮಡಿಸಿಕೊಂಡು ಕೂತಿರುತ್ತದೆ. ಸುಹಾಸ್ ಮೇಲೆ ಗಾಜಿನ ಕೋಣೆಯಲ್ಲಿ ಕೂತು, ಆ ಜೇಬಿನ ಕಡೆ ಕೈ ಹೋಗುತ್ತಾ ಅಂತ ನೋಡುತ್ತಿರುತ್ತಾರೆ.

ನಿದ್ದೆ ಕೆಡಿಸಿದ ರಾತ್ರಿ ಜೂನ್‌ನಲ್ಲಿ ಬಂತು. ಪಿಚರ್ ಚೆನ್ನಾಗಿ ಹಾಕುತ್ತಿದ್ದ. ಹದಿನೆಂಟು ಬ್ಯಾಟರ್ ಆದ ಮೇಲೆ ಬದಲಿಸಿ ಅಂತ ಕಾರ್ಡ್ ಹೇಳಿತ್ತು. ಮ್ಯಾನೇಜರ್ ಬದಲಿಸಿದರು. ಹೊಸದಾಗಿ ಬಂದವನ ಮೂರನೇ ಎಸೆತವೇ ಹೋಮ್‌ರನ್, ನಮ್ಮ ಸಿಕ್ಸರ್ ಇದ್ದ ಹಾಗೆ. ತಂಡ ಸೋತಿತು. ಪತ್ರಕರ್ತರ ಮುಂದೆ ಮ್ಯಾನೇಜರ್ "ನಿರ್ಧಾರ ನನ್ನದು" ಅಂದರು. ಮರುದಿನ ಆಫೀಸಿನ ಮುಖ್ಯಸ್ಥರನ್ನು ಕೇಳಿದಾಗ ಅವರೂ "ಅದು ಡಗ್‌ಔಟ್‌ನ ನಿರ್ಧಾರ" ಅಂದರು. ಅದೇ ಮುಖ್ಯಸ್ಥರು ಪಂದ್ಯದ ದಿನ ಮಧ್ಯಾಹ್ನ ಸುಹಾಸ್‌ಗೆ ಮೂರು ಸಲ ಫೋನ್ ಮಾಡಿದ್ದರು.

ಎರಡನೇ ಸೆಷನ್‌ನಲ್ಲಿ ನಾನು ಒಂದು ತಪ್ಪು ಮಾಡಿದೆ. "ನೀವು ಬರೀ ಮಾಹಿತಿ ಕೊಡುವವರು, ಅವರ ಜಗಳ ನಿಮ್ಮದಲ್ಲ" ಅಂದುಬಿಟ್ಟೆ. ಅವರು ಹೂಂ ಅಂದರು. ಮುಖ ಮಾತ್ರ ಇನ್ನೂ ಇಳಿಯಿತು. ನಾನು ಸಮಾಧಾನ ಹೇಳುವ ಅವಸರದಲ್ಲಿ, ಅವರು ಏನು ಹೇಳಿದರು, ಏನು ಮಾಡಿದರು ಅಂತ ಕೇಳಿಯೇ ಇರಲಿಲ್ಲ.

ಮೂರನೇ ಸೆಷನ್‌ನಲ್ಲಿ ಅದನ್ನು ಕೇಳಿದೆ. ಒಂದು ದಿನದ ಮಾತನ್ನು ಇದ್ದ ಹಾಗೇ ನಾಲ್ಕು ಸಾಲಿನಲ್ಲಿ ಬರೆಯಿರಿ ಅಂದೆ. ಆಫೀಸು ನಿಮಗೆ ಹೇಳಿದ್ದು, ನೀವು ಮ್ಯಾನೇಜರ್‌ಗೆ ಹೇಳಿದ್ದು, ಅವರು ನಿಮಗೆ ಹೇಳಿದ್ದು, ನೀವು ಆಫೀಸಿಗೆ ಹೇಳಿದ್ದು.

ಅವರು ಬರೆದು ಓದಿದರು. ಆಫೀಸು: "ಹದಿನೆಂಟು ಆದ ಮೇಲೆ ಅವನು ಒಂದು ಬಾಲ್ ಕೂಡ ಹಾಕಬಾರದು." ಸುಹಾಸ್ ಮ್ಯಾನೇಜರ್‌ಗೆ: "ಹದಿನೆಂಟರ ಹೊತ್ತಿಗೆ ಒಂದು ಸಲ ಯೋಚನೆ ಮಾಡಬಹುದು ಅಂತಾರೆ." ಮ್ಯಾನೇಜರ್: "ಮೇಲೆ ಕೂತವರಿಗೇನು ಗೊತ್ತು, ನಾನು ಅವನ ಮುಖ ನೋಡಿ ಹೇಳ್ತೀನಿ." ಸುಹಾಸ್ ಆಫೀಸಿಗೆ: "ಒಪ್ಪಿದಾರೆ, ನೋಡ್ಕೊಂಡು ಮಾಡ್ತಾರೆ."

ಓದಿ ಮುಗಿಸಿ ಸುಮ್ಮನಾದರು. ಆಮೇಲೆ "ಮೇಡಂ, ನಾನು ಇಬ್ಬರಿಗೂ ಸುಳ್ಳು ಹೇಳ್ತಿದೀನಿ ಅಲ್ವಾ?" ಅಂದರು.

ಜಗಳ ಆಗದಿರಲಿ ಅಂತ ಹೇಳಿದ ಮಾತುಗಳು ಅವು. ಆದರೆ ಏಪ್ರಿಲ್‌ನಿಂದ ಇದೇ ನಡೆದಿತ್ತು. ಜೂನ್ ಮೊದಲ ವಾರದಲ್ಲಿ ಒಮ್ಮೆ ಮ್ಯಾನೇಜರ್ ಕಾರ್ಡ್ ಬಿಟ್ಟು ತಮ್ಮ ಕಣ್ಣು ನಂಬಿದರು, ಸೋತರು. ಮುಖ್ಯಸ್ಥರು ನೇರ ಫೋನ್ ಮಾಡಿ "ಒಪ್ಪಿಕೊಂಡು ಹೀಗೆ ಮಾಡಿದಿರಾ" ಅಂತ ರೇಗಿದರು. "ನಾನು ಯಾವಾಗ ಒಪ್ಪಿದ್ದೆ" ಅಂತ ಮ್ಯಾನೇಜರ್ ರೇಗಿದರು. ಆವತ್ತಿನಿಂದ ಮ್ಯಾನೇಜರ್ ಸಿಟ್ಟಿನಲ್ಲಿ ಕಾರ್ಡ್‌ನಲ್ಲಿ ಇದ್ದದ್ದನ್ನೇ ಅಕ್ಷರಶಃ ಮಾಡತೊಡಗಿದರು. ಯೋಚನೆ ಮಾಡುವುದನ್ನೇ ಬಿಟ್ಟರು. ಆ ಹೋಮ್‌ರನ್ ಬಂದದ್ದು ಅಂಥ ಒಂದು ರಾತ್ರಿ.

ಇಂಥ ನಡುವಿನ ಕೆಲಸ ಯಾವಾಗಿನಿಂದ ಅಂತ ಕೇಳಿದೆ. ಅವರಿಗೆ ಕೂಡಲೇ ನೆನಪಾದದ್ದು ಊರಿನ ಬಟ್ಟೆ ಅಂಗಡಿ. ಅಪ್ಪ ಮತ್ತು ದೊಡ್ಡಪ್ಪ ಒಂದೇ ಅಂಗಡಿ ನಡೆಸುತ್ತಿದ್ದರು, ಒಂದೇ ಮನೆಯಲ್ಲಿ ಇದ್ದರು. ಎರಡು ವರ್ಷ ಇಬ್ಬರ ನಡುವೆ ಮಾತಿಲ್ಲ. ಸುಹಾಸ್‌ಗೆ ಆಗ ಒಂಬತ್ತು ವರ್ಷ. ದೊಡ್ಡಪ್ಪ ಗಲ್ಲಾಪೆಟ್ಟಿಗೆ ಹತ್ತಿರ ಕೂತು "ನಿಮ್ಮಪ್ಪಂಗೆ ಹೇಳು, ಸೂರತ್ ಪಾರ್ಟಿಗೆ ದುಡ್ಡು ಕೊಡೋ ಯೋಗ್ಯತೆ ಇಲ್ದಿದ್ರೆ ಮಾಲು ತರಿಸಬೇಡ ಅಂತ" ಅನ್ನುತ್ತಿದ್ದರು. ಹುಡುಗ ಹತ್ತು ಹೆಜ್ಜೆ ನಡೆದು, "ಅಪ್ಪಾ, ಸೂರತ್ತಿನೋರ ದುಡ್ಡು ನೆನಪು ಮಾಡು ಅಂದ್ರು ದೊಡ್ಡಪ್ಪ" ಅನ್ನುತ್ತಿದ್ದ. ಮನೆಯಲ್ಲಿ ಎಲ್ಲರೂ ಅವನನ್ನು ಜಾಣ ಅನ್ನುತ್ತಿದ್ದರು. ನನ್ನ ಹತ್ತಿರ ಬರುವ ಗಂಡಸರಲ್ಲಿ ಅಮ್ಮನಿಗೂ ಹೆಂಡತಿಗೂ ನಡುವೆ ಇದೇ ಕೆಲಸ ಮಾಡುವವರು ಎಷ್ಟೋ ಜನ. ಜಾಣತನ ಅಂತ ಹೊಗಳಿಸಿಕೊಂಡದ್ದನ್ನು ಬಿಡುವುದು ತುಂಬ ಕಷ್ಟ.

ಸುಹಾಸ್ ತಮ್ಮ ಕಡೆಯ ವಾದವಾಗಿ ಹಳೆಯ ಪಂದ್ಯಗಳನ್ನು ತಂದರು. ನಾನು ಕೆಲವನ್ನು ಕೂತು ನೋಡಿದೆ. ನೋಡದೆ ಅವರ ಭಯ ನನಗೆ ಅರ್ಥವಾಗುತ್ತಿರಲಿಲ್ಲ.

2003ರ ಅಕ್ಟೋಬರ್, ಬಾಸ್ಟನ್ ರೆಡ್ ಸಾಕ್ಸ್ ಮತ್ತು ನ್ಯೂಯಾರ್ಕ್ ಯಾಂಕೀಸ್, ಅಮೆರಿಕನ್ ಲೀಗ್ ಫೈನಲ್ ಸರಣಿಯ ಏಳನೇ, ಅಂದರೆ ಕೊನೆಯ ಪಂದ್ಯ. ಬಾಸ್ಟನ್ 5-2 ಮುಂದಿದೆ. ಬಾಸ್ಟನ್ ಪಿಚರ್ ಪೆಡ್ರೊ ಮಾರ್ಟಿನೆಜ್ ದಣಿದಿದ್ದಾರೆ. ಮ್ಯಾನೇಜರ್ ಗ್ರೇಡಿ ಲಿಟಲ್ ಹತ್ತಿರ ಹೋಗಿ ಮಾತಾಡಿ, ಅವರನ್ನೇ ಮುಂದುವರಿಸುತ್ತಾರೆ. ಪಂದ್ಯ ಸಮ ಆಗುತ್ತದೆ, ಹನ್ನೊಂದನೇ ಇನ್ನಿಂಗ್ಸ್‌ನಲ್ಲಿ ಸೋಲು. ಆ ತಿಂಗಳು ಮುಗಿಯುವುದರೊಳಗೆ ಲಿಟಲ್ ಕೆಲಸ ಹೋಯಿತು.

2020ರ ಅಕ್ಟೋಬರ್ 27, ವರ್ಲ್ಡ್ ಸೀರೀಸ್, ಅಂದರೆ ವರ್ಷದ ಫೈನಲ್ ಸರಣಿಯ ಆರನೇ ಪಂದ್ಯ, ಲಾಸ್ ಏಂಜಲೀಸ್ ಡಾಡ್ಜರ್ಸ್ ಎದುರು. ಇಲ್ಲಿ ಅದರ ಉಲ್ಟಾ. ಟ್ಯಾಂಪಾ ಬೇ ರೇಸ್ ತಂಡದ ಪಿಚರ್ ಬ್ಲೇಕ್ ಸ್ನೆಲ್ 73 ಎಸೆತ ಹಾಕಿದ್ದಾರೆ, 9 ಸ್ಟ್ರೈಕ್‌ಔಟ್ (ಬ್ಯಾಟರ್ ಚೆಂಡು ಹೊಡೆಯಲಾಗದೆ ಔಟ್ ಆಗುವುದು), ತಂಡ 1-0 ಮುಂದೆ. ಹದಿನೆಂಟು ಬ್ಯಾಟರ್ ಮುಗಿದಿದ್ದಾರೆ, ಅಂದರೆ ಒಂಬತ್ತು ಜನರದು ಎರಡು ಸುತ್ತು. ಮೂರನೇ ಸಲ ಬರುವ ಬ್ಯಾಟರ್ ಪಿಚರ್‌ನ ಕೈ ಓದಿಕೊಂಡಿರುತ್ತಾನೆ ಅನ್ನುವುದು ಲೆಕ್ಕ. ಮ್ಯಾನೇಜರ್ ಕೆವಿನ್ ಕ್ಯಾಶ್ ನಡೆದು ಬಂದು ಅವರನ್ನು ತೆಗೆಯುತ್ತಾರೆ, ಸ್ನೆಲ್ ಮುಖ ನೋಡಲಾಗುವುದಿಲ್ಲ. ಮುಂದೆ ಬರಬೇಕಿದ್ದ ಡಾಡ್ಜರ್ಸ್ ಬ್ಯಾಟರ್ ಮೂಕಿ ಬೆಟ್ಸ್ ಆವತ್ತು ಸ್ನೆಲ್ ಎದುರು ಎರಡು ಸಲವೂ ಸ್ಟ್ರೈಕ್‌ಔಟ್ ಆಗಿದ್ದರು. ಹೊಸ ಪಿಚರ್‌ಗೆ ಅದೇ ಬೆಟ್ಸ್ ಡಬಲ್, ಅಂದರೆ ಎರಡನೇ ಬೇಸ್ ತಲುಪಿಸುವ ಹೊಡೆತ, ಹೊಡೆದರು. ಡಾಡ್ಜರ್ಸ್ 3-1ರಲ್ಲಿ ಗೆದ್ದು ಕಪ್ ಎತ್ತಿದರು.

"ಕಣ್ಣು ನಂಬಿದ್ರೂ ಕುತ್ತಿಗೆಗೆ ಬರತ್ತೆ, ಲೆಕ್ಕ ನಂಬಿದ್ರೂ ಕುತ್ತಿಗೆಗೆ ಬರತ್ತೆ. ನಾನು ಯಾವುದನ್ನ ಗಟ್ಟಿಯಾಗಿ ಹೇಳಲಿ?" ಇದು ಅವರ ಪ್ರಶ್ನೆ.

ನನಗೆ ಮೂರನೇ ಪಂದ್ಯ ಜಾಸ್ತಿ ಹತ್ತಿರ ಅನ್ನಿಸಿತು. 2023ರ ಪ್ಲೇಆಫ್, ಅಂದರೆ ಲೀಗ್ ಪಂದ್ಯಗಳ ನಂತರದ ನಾಕ್‌ಔಟ್ ಸುತ್ತು. ಟೊರೊಂಟೊ ಬ್ಲೂ ಜೇಸ್, ಮಿನೆಸೋಟ ಎದುರು. ಹೊಸೆ ಬೆರಿಯೋಸ್ ಚೆನ್ನಾಗಿ ಹಾಕುತ್ತಿರುವಾಗಲೇ 47 ಎಸೆತಕ್ಕೆ ಅವರನ್ನು ತೆಗೆದರು. 2-0ರಲ್ಲಿ ಸೋತು ಟೊರೊಂಟೊ ಮನೆಗೆ ಹೋಯಿತು. ಇದು ಯಾರ ಯೋಜನೆ ಅಂತ ಎಲ್ಲರೂ ಕೇಳಿದರು. ಮ್ಯಾನೇಜರ್ ಜಾನ್ ಶ್ನೈಡರ್ ಹೊಣೆ ಹೊತ್ತರು. ಫ್ರಂಟ್ ಆಫೀಸಿನ ಜನರಲ್ ಮ್ಯಾನೇಜರ್ ರಾಸ್ ಆಟ್ಕಿನ್ಸ್ ಕೂಡ, ಅದು ಶ್ನೈಡರ್ ಅವರ ನಿರ್ಧಾರ ಅಂದರು. ಊರಿಗೆಲ್ಲ ಸಿಟ್ಟು ಬಂತು. ಆದರೆ ಇಬ್ಬರೂ ಆ ತಂಡದಲ್ಲೇ ಉಳಿದರು. 2025ರಲ್ಲಿ ಅದೇ ಇಬ್ಬರ ತಂಡ ವರ್ಲ್ಡ್ ಸೀರೀಸ್‌ನ ಏಳನೇ ಪಂದ್ಯದವರೆಗೂ ಹೋಯಿತು.

ಒಳಗೆ ಅವರು ಏನು ಮಾತಾಡಿಕೊಂಡರೋ ಅದು ಅವರ ವಿಷಯ. ಸುಹಾಸ್‌ಗೆ ನಾನು ಹೇಳಿದ್ದು ಇಷ್ಟು. ನಿಮ್ಮ ತಂಡದಲ್ಲಿ ಲೆಕ್ಕ ಮತ್ತು ಅನುಭವ ಜಗಳ ಆಡುತ್ತಿಲ್ಲ. ಒಬ್ಬರು ನಿರ್ಧಾರ ಮಾಡುತ್ತಿದ್ದಾರೆ, ಇನ್ನೊಬ್ಬರು ಬೈಸಿಕೊಳ್ಳುತ್ತಿದ್ದಾರೆ. ಅವರಿಬ್ಬರೂ ಎದುರುಬದುರು ಕೂರುತ್ತಿಲ್ಲ, ಯಾಕೆಂದರೆ ಕೂರುವ ಅಗತ್ಯ ಬಾರದ ಹಾಗೆ ನೀವು ನೋಡಿಕೊಂಡಿದ್ದೀರಿ.

ಅವರಿಗೆ ಇದು ನೋವಾಯಿತು. ಆದರೂ ಹೇಳಲೇಬೇಕಿತ್ತು.

ಸಲಹೆ ಕೊಟ್ಟದ್ದು ಹೀಗೆ. ಮೊದಲು, ಇನ್ನು ಮುಂದೆ ಮಾತನ್ನು ಮೆದು ಮಾಡಬೇಡಿ. ಒಂದು ಕಡೆಯ ಮಾತು ಇನ್ನೊಂದು ಕಡೆ ಇದ್ದ ಹಾಗೇ ತಲುಪಲಿ. ಬೈಗುಳ ಮಾತ್ರ ಬಿಟ್ಟರಾಯಿತು, ವಿಷಯ ಬಿಡಬಾರದು. ಹಾಗೆ ತಲುಪಿಸಲು ಆಗದಷ್ಟು ಗಡುಸಾದ ಮಾತಾದರೆ, "ಇದನ್ನು ನೀವೇ ಹೇಳಿ" ಅಂತ ವಾಪಸ್ ಕೊಡಿ. ಎರಡನೆಯದು, ಇಲ್ಲಿಯವರೆಗೆ ಆದದ್ದನ್ನು ಇಬ್ಬರಿಗೂ ಬಾಯಿಬಿಟ್ಟು ಹೇಳಿ, ಮ್ಯಾನೇಜರ್‌ಗೆ ಮೊದಲು. ಏಕೆಂದರೆ ಜನರ ಮುಂದೆ ನಿಂತವರು ಅವರು. ಕಾರ್ಡ್ ಬಗ್ಗೆಯೂ ಮಾತಾಡಿದೆವು. ಕೆಂಪು ಹಸಿರು ನೋಡಿದರೆ ಎರಡರ ನಡುವೆ ಆಕಾಶ ಭೂಮಿ ಅಂತರ ಇದ್ದಂತೆ ಕಾಣುತ್ತದೆ. ನಿಜವಾಗಿ ಎಷ್ಟು ಅಂತ ಕೇಳಿದೆ. ಎಷ್ಟೋ ಸಲ ಕೂದಲೆಳೆಯಷ್ಟೇ ಅಂದರು. ಹಾಗಾದರೆ ಅದನ್ನೂ ಕಾರ್ಡ್‌ನಲ್ಲೇ ಬರೆಯಿರಿ ಅಂದೆ. ಅಂತರ ಕಡಿಮೆ ಇದ್ದ ಕಡೆ ಕಣ್ಣಿಗೆ ಜಾಗ ಇರುತ್ತದೆ.

ಮ್ಯಾನೇಜರ್‌ಗೆ ಹೇಳಬೇಕಾದದ್ದನ್ನು ನನ್ನ ಮುಂದೆ ಮೊದಲು ಕನ್ನಡದಲ್ಲಿ ಹೇಳಿ ನೋಡಿದರು. ಐದು ಸಲ ಹೇಳಿದರು. ಮೊದಲ ಮೂರು ಸಲವೂ "ನನ್ನ ಉದ್ದೇಶ ಒಳ್ಳೆಯದೇ ಇತ್ತು" ಅಂತ ಶುರು ಮಾಡಿದರು. ಅದನ್ನು ತೆಗೆಯಿರಿ ಅಂದೆ. ಉಳಿದದ್ದು ಇಷ್ಟು: "ಆಫೀಸಿನವರು ಹೇಳಿದ್ದನ್ನ ನಿಮಗೆ ಪೂರ್ತಿ ಹೇಳ್ಲಿಲ್ಲ. ನೀವು ಹೇಳಿದ್ದನ್ನ ಅವರಿಗೆ ಬದಲಾಯಿಸಿ ಹೇಳಿದೆ. ಇನ್ನು ಮಾಡಲ್ಲ."

ಮರುದಿನ ಮಧ್ಯಾಹ್ನ ಎರಡು ಗಂಟೆಗೆ ಹೋಗಿ ಹೇಳಿದರು. ಮ್ಯಾನೇಜರ್ ಕೇಳಿದ್ದು ಒಂದೇ: "ಯಾವಾಗಿಂದ?" ಏಪ್ರಿಲ್‌ನಿಂದ ಅಂದಾಗ ಎದ್ದು ಬಾಗಿಲು ತೆರೆದು ನಿಂತರು, ಹೊರಗೆ ಹೋಗು ಅನ್ನುವ ಹಾಗೆ. ಎರಡು ದಿನ ಮಾತಿಲ್ಲ. ಆ ಎರಡು ದಿನ ಸುಹಾಸ್ ನನಗೆ ನಾಲ್ಕು ಸಲ ಮೆಸೇಜ್ ಮಾಡಿದರು. ಮೂರನೇ ದಿನ ಕಾರ್ಡ್ ವಾಪಸ್ ಬಂತು, ಅಂಚಿನಲ್ಲಿ ಪೆನ್ಸಿಲ್ ಬರಹ. ಒಬ್ಬನ ಹೆಸರಿನ ಮುಂದೆ "ಸೊಂಟ ನೋವು, ಹೇಳಿಕೊಳ್ಳಲ್ಲ". ಇನ್ನೊಬ್ಬನ ಮುಂದೆ "ಮಗು ಆಸ್ಪತ್ರೆಯಲ್ಲಿ, ರಾತ್ರಿ ನಿದ್ದೆ ಇಲ್ಲ". ಸುಹಾಸ್ ಆ ಕಾರ್ಡನ್ನು ಕ್ಯಾಮೆರಾ ಮುಂದೆ ಹಿಡಿದು ತೋರಿಸಿದರು. ಮಡಿಕೆ ಬಿದ್ದು, ಬೆವರಿಗೆ ಒಂದು ಮೂಲೆ ಮೆತ್ತಗಾಗಿತ್ತು. ನಾಲ್ಕು ವರ್ಷದಲ್ಲಿ ಡಗ್‌ಔಟ್‌ನಿಂದ ಮೇಲಕ್ಕೆ ಬಂದ ಮೊದಲ ಬರಹ ಅದು.

ಮುಖ್ಯಸ್ಥರ ಕಡೆ ಇಷ್ಟು ಸುಲಭ ಆಗಲಿಲ್ಲ. "ಅವರನ್ನು ಒಪ್ಪಿಸೋದೇ ನಿನ್ನ ಕೆಲಸ" ಅಂದರಂತೆ. "ತಲುಪಿಸೋದು ನನ್ನ ಕೆಲಸ, ಒಪ್ಪಿಸೋದು ನಿಮ್ಮದು" ಅಂತ ಸುಹಾಸ್ ಹೇಳಿದರು. ಕೈ ನಡುಗುತ್ತಿತ್ತಂತೆ. ಆಗಸ್ಟ್‌ನಿಂದ ಪ್ರತಿ ಹೊಸ ಊರಿನ ಮೊದಲ ಪಂದ್ಯಕ್ಕೆ ಮುಂಚೆ ಮೂವರೂ ಇಪ್ಪತ್ತು ನಿಮಿಷ ಫೋನಿನಲ್ಲಿ ಮಾತಾಡುತ್ತಾರೆ. ಮುಖ್ಯಸ್ಥರು ಕೆಲವು ಸಲ ಬರುವುದಿಲ್ಲ. ಬಂದಾಗ ಇಬ್ಬರೂ ದನಿ ಏರಿಸುತ್ತಾರೆ. ಸುಹಾಸ್‌ಗೆ ಈಗಲೂ ಆ ಇಪ್ಪತ್ತು ನಿಮಿಷ ಹೊಟ್ಟೆಯಲ್ಲಿ ಸಂಕಟ. ನಡುವೆ ಬಾಯಿ ಹಾಕಬೇಡಿ, ನೀರು ಕುಡಿಯಿರಿ ಅಂದಿದ್ದೇನೆ.

ನಿದ್ದೆಗೆ ಬೇರೆ ಏನೂ ದೊಡ್ಡದು ಮಾಡಲಿಲ್ಲ. ಸೋತ ಪಂದ್ಯದ ವಿಡಿಯೊ ರಾತ್ರಿ ನೋಡಬಾರದು, ಮರುದಿನ ಮಧ್ಯಾಹ್ನ ನೋಡಬಹುದು. ಹೋಟೆಲ್‌ಗೆ ಬಂದ ಮೇಲೆ ಹದಿನೈದು ನಿಮಿಷ ನಡಿಗೆ. ಲ್ಯಾಪ್‌ಟಾಪ್ ಹಾಸಿಗೆ ಮೇಲೆ ಬೇಡ.

ತಂಡ ಪ್ಲೇಆಫ್ ತಲುಪಲಿಲ್ಲ. ಮ್ಯಾನೇಜರ್‌ನನ್ನು ಉಳಿಸಿಕೊಳ್ಳುತ್ತಾರಾ ಅಂತ ಇನ್ನೂ ಹೇಳಿಲ್ಲ. ಸೆಪ್ಟೆಂಬರ್ ಕೊನೆಯ ಸೆಷನ್‌ನಲ್ಲಿ ಸುಹಾಸ್, "ನಾನು ಈ ಕೆಲಸ ಬಿಡಲಾ ಮೇಡಂ?" ಅಂತ ಕೇಳಿದರು. ಸೋಲಿನ ವಾರದಲ್ಲಿ ಅದನ್ನು ತೀರ್ಮಾನ ಮಾಡಬೇಡಿ, ಊರಿಗೆ ಹೋಗಿ ಬನ್ನಿ, ನವೆಂಬರ್‌ನಲ್ಲಿ ಮಾತಾಡೋಣ ಅಂದೆ. ಮಾಮೂಲಿ ರಾತ್ರಿಯ ಹೊತ್ತೇ ಕೊಡಲು ಹೋದೆ. "ರಾತ್ರಿ ಬೇಡ ಮೇಡಂ, ನಾನು ಬೆಳಗ್ಗೆ ಏಳಕ್ಕೆ ಎದ್ದು ಕೂರ್ತೀನಿ" ಅಂದರು. ನನಗೆ ಆಗ ಸಂಜೆ ಐದೂವರೆ. ಹಾಗೇ ಬರೆದುಕೊಂಡಿದ್ದೇನೆ.