ಖಾಲಿ ಕುರ್ಚಿಗೆ ದುಡ್ಡು ಕೊಟ್ಟವರಿಗೆ

"ಲೀ ವಾನೆಲ್ ನಿರ್ದೇಶನದ 'ದಿ ಇನ್‌ವಿಸಿಬಲ್ ಮ್ಯಾನ್' (2020) ನೋಡಿ ದುಡ್ಡು ದಂಡವಾಯಿತು. ಎಚ್. ಜಿ. ವೆಲ್ಸ್‌ನ ವೈಜ್ಞಾನಿಕ ಕಾದಂಬರಿಯನ್ನು ಮನೆಜಗಳಕ್ಕೆ ಇಳಿಸಿದ್ದಾರೆ. ಅರ್ಧ ಸಿನಿಮಾ ಖಾಲಿ ಕೋಣೆ, ಖಾಲಿ ಕುರ್ಚಿ. ನಮ್ಮ ಮನೆಯವರಿಗೆ ಮಾತ್ರ ಹಿಡಿಸಿತು, ಅದು ಬೇರೆ ಮಾತು."
– ಓದುಗರೊಬ್ಬರು, ಶಿವಮೊಗ್ಗ

ಒಂದು ಮಾತು ಒಪ್ಪಿದೆ. ಚಿತ್ರದಲ್ಲಿ ಕಣ್ಣಿಗೆ ಕಾಣದಂತಾಗಲು ತೊಡುವ, ಮೈತುಂಬ ಕ್ಯಾಮೆರಾ ಅಂಟಿಸಿದ ಆ ದಿರಿಸಿಗಿಂತ, ದೇಹದ ವಕ್ರೀಭವನಾಂಕವನ್ನೇ (ಬೆಳಕನ್ನು ಬಾಗಿಸುವ ಅಳತೆಯನ್ನೇ) ಗಾಳಿಯ ಮಟ್ಟಕ್ಕೆ ಇಳಿಸುವ ವೆಲ್ಸ್‌ನ ಉಪಾಯ ಸೊಗಸು. ತಿಂದದ್ದು ಅರಗುವ ತನಕ ಹೊಟ್ಟೆಯಲ್ಲಿ ಕಾಣುತ್ತಲೇ ಇರುತ್ತದೆ, ಪಾಪ!

ಆದರೆ ಸ್ವಾಮಿ, 1897ರ ಆ ಪುಸ್ತಕವನ್ನು ಈಚೆಗೆ ತೆರೆದಿದ್ದೀರಾ? ಕಥೆ ಶುರುವಾಗುವುದೇ ಐಪಿಂಗ್ ಎಂಬ ಹಳ್ಳಿಯ ವಸತಿಗೃಹದಲ್ಲಿ. ಬಾಕಿ ತೀರಿಸದವನಿಗೆ ತಿಂಡಿ ಇಲ್ಲ ಎಂದು ಒಡತಿ ಮಿಸೆಸ್ ಹಾಲ್ ಪಟ್ಟು ಹಿಡಿಯುತ್ತಾಳೆ. ಆ ತಕರಾರಿನಲ್ಲೇ ಅದೃಶ್ಯ ಮನುಷ್ಯ ಗ್ರಿಫಿನ್ ಮುಖದ ಬ್ಯಾಂಡೇಜು ಕಿತ್ತೆಸೆಯುವುದು. ಅಂಥ ವಿಜ್ಞಾನಿಯ ಗುಟ್ಟು ರಟ್ಟಾದದ್ದು ಬಾಡಿಗೆ ಜಗಳದಲ್ಲಿ!

ವಾನೆಲ್ ಅದನ್ನು ಅಡುಗೆಮನೆಗೆ ತಂದರೆ ಮೈಲಿಗೆಯೇ? ನಾಯಕಿ ಎಲಿಸಬೆತ್ ಮಾಸ್ ಬೆಳಗಿನ ತಿಂಡಿಗೆ ಒಲೆ ಹಚ್ಚಿ ಆಚೆ ಹೋಗುತ್ತಾಳೆ. ಕ್ಯಾಮೆರಾ ಅವಳ ಹಿಂದೆ ಹೋಗುವುದಿಲ್ಲ, ಅಲ್ಲೇ ನಿಲ್ಲುತ್ತದೆ. ಕಟ್ಟೆಯ ಮೇಲಿದ್ದ ಚಾಕು ಮೆಲ್ಲಗೆ ಮಾಯ. ಉರಿ ತಾನೇ ಏರುತ್ತದೆ. ಸಂಗೀತವಿಲ್ಲ. ನಾನು ನಮ್ಮ ಅಡುಗೆಮನೆಯತ್ತ ತಿರುಗಿ ನೋಡಿದೆ, ನಾಚಿಕೆಯಿಲ್ಲದೆ ಹೇಳುತ್ತೇನೆ.

ಇಡೀ ಚಿತ್ರಕ್ಕೆ ತಗುಲಿದ್ದು ಸುಮಾರು 70 ಲಕ್ಷ ಡಾಲರ್. ಇದನ್ನು ತೆರೆಗೆ ತಂದ ಯೂನಿವರ್ಸಲ್ ಸಂಸ್ಥೆಯೇ 2017ರಲ್ಲಿ ಟಾಮ್ ಕ್ರೂಸ್‌ನನ್ನು ಹಾಕಿಕೊಂಡು 12 ಕೋಟಿ ಡಾಲರಿಗೂ ಮೀರಿ ಸುರಿದು 'ದಿ ಮಮ್ಮಿ' ತೆಗೆದಿತ್ತು. ತನ್ನ ಹಳೆಯ ಭೂತಗಳನ್ನೆಲ್ಲ ಒಂದೇ ಸರಣಿಗೆ ಪೋಣಿಸುವ ಯೋಜನೆ ಅಲ್ಲಿಗೇ ಮಲಗಿತು.

ನಮ್ಮವರ ಕಥೆ ಕೇಳಬೇಡಿ. ಗೆಜ್ಜೆ, ಹೊಗೆ, ಬಿಳಿ ಸೀರೆ. ಮೊನ್ನೆ ಒಂದು ಚಿತ್ರಮಂದಿರದಲ್ಲಿ ದೆವ್ವಕ್ಕಿಂತ ಮೊದಲು ಸ್ಪೀಕರೇ ಮೈಮೇಲೆ ಬಂತು. ಬಾಗಿಲ ಮೇಲೆ 'ನಾಳೆ ಬಾ' ಎಂದು ಸೀಮೆಸುಣ್ಣದಲ್ಲಿ ಬರೆದು ಉಸಿರು ಬಿಗಿಹಿಡಿದು ಮಲಗಿದ ಜನ ನಾವು, ಮೂರಕ್ಷರ ಸಾಕಾಗಿತ್ತು. ಆ ನಾಡಿನ ನಿರ್ಮಾಪಕನಿಗೆ ಒಂದು ನಿಮಿಷದ ಮೌನ ಎಂದರೆ ಜೀವ ಹೋಗುತ್ತದೆ.

ಇನ್ನು ಆ 'ಮನೆಜಗಳ'. ತಾನು ಬಿಟ್ಟು ಬಂದ ಸಂಗಾತಿ ಕಣ್ಣಿಗೆ ಕಾಣದೆ ಇಲ್ಲೇ ಇದ್ದಾನೆ ಎಂದು ಹೆಂಗಸೊಬ್ಬಳು ಹೇಳುತ್ತಲೇ ಇರುತ್ತಾಳೆ, ಒಬ್ಬರೂ ಕಿವಿಗೊಡುವುದಿಲ್ಲ. ನಿಮ್ಮ ಮನೆಯವರಿಗೆ ಹಿಡಿಸಿತು ಎಂದಿರಲ್ಲ, ಏಕೆ ಎಂದು ಕೇಳಿದಿರಾ? ಅವರೇ ನಾಲ್ಕು ಸಾಲು ಬರೆದು ಕಳಿಸಲಿ, ಮುಂದಿನ ಸಂಚಿಕೆಯಲ್ಲಿ ಮೊದಲ ಜಾಗ ಅದಕ್ಕೇ. ಅಂಚೆಗೆ ಹಾಕುವ ಮುನ್ನ ನೀವು ತಿದ್ದಬಾರದು, ಅಷ್ಟೇ.

– ಸಂ.