ತಂದೂರ್ ಭಟ್ಟಿಯ ಕಾವು ಹತೋಟಿಗೆ ತರುವುದು ಹೇಗೆ?

ಹಿತ್ತಲಲ್ಲಿ ಮಣ್ಣಿನ ತಂದೂರ್ ಕೂರಿಸಿದ್ದೇವೆ, ರೊಟ್ಟಿ ಒಮ್ಮೆ ಸೀದುಹೋಗುತ್ತದೆ, ಒಮ್ಮೆ ಜಾರಿ ಕೆಂಡಕ್ಕೆ ಬೀಳುತ್ತದೆ ಅಂತ ಕೇಳಿದ್ದೀರಿ. ಕಲಬುರಗಿಯಲ್ಲಿ ನಮ್ಮದೊಂದು ಸಣ್ಣ ಹೋಟೆಲ್ ಇದೆ, ದಿನಾ ಭಟ್ಟಿ ಮುಂದೆ ನಿಲ್ಲುವವನು ನಾನೇ.

ಉರಿ ನೋಡಬೇಡಿ, ಗೋಡೆ ನೋಡಿ. ಬೆಂಕಿ ಹಚ್ಚಿದಾಗ ಒಳಗೋಡೆ ಮೊದಲು ಮಸಿ ಹಿಡಿದು ಕಪ್ಪಾಗುತ್ತದೆ. ಕಾವು ಏರಿದ ಮೇಲೆ ಆ ಮಸಿಯೂ ಸುಟ್ಟು ಗೋಡೆ ಬೆಳ್ಳಗಾಗುತ್ತದೆ. ಅಲ್ಲಿಯವರೆಗೆ ಹಿಟ್ಟಿಗೆ ಕೈ ಹಾಕಬೇಡಿ. ಕಪ್ಪು ಗೋಡೆಗೆ ಹಚ್ಚಿದ ರೊಟ್ಟಿ ಹಿಡಿಯುವುದಿಲ್ಲ, ಜಾರಿ ಬೀಳುವುದು ಹೆಚ್ಚಾಗಿ ಇದಕ್ಕೇ. ಬೆಳ್ಳಗಾದ ತಕ್ಷಣವೂ ಅವಸರ ಬೇಡ, ಆಗ ಕಾವು ವಿಪರೀತ ಇರುತ್ತದೆ. ಉರಿ ಇಳಿದು ಕೆಂಡ ಆಗಲಿ. ಕೆಳಗಿನ ಕಿಂಡಿ ಮುಚ್ಚಿ, ಬಾಯಿಗೆ ಅರ್ಧ ಮುಚ್ಚಳ ಇಟ್ಟು ಸುಮ್ನೆ ಸ್ವಲ್ಪ ಹೊತ್ತು ಬಿಡಿ.

ಆಮೇಲೆ ಒಂದೇ ಒಂದು ರೊಟ್ಟಿ ಹಚ್ಚಿ ನೋಡಿ. ಗದ್ದಿಯ (ರೊಟ್ಟಿಯನ್ನು ಗೋಡೆಗೆ ಒತ್ತಲು ಬಳಸುವ ಬಟ್ಟೆಯ ದಿಂಬು) ಮೇಲೆ ಇಟ್ಟು, ಬೆನ್ನಿಗೆ ನೀರು ಸವರಿ, ಗಟ್ಟಿಯಾಗಿ ಒತ್ತಿ. ಒಂದೆರಡು ನಿಮಿಷದಲ್ಲಿ ಉಬ್ಬಿ ಕಂದು ಚುಕ್ಕೆ ಬಂದರೆ ಹದ ಸರಿ. ಗುಳ್ಳೆ ಆಗಲೇ ಕರಿ ಆಗಿ ಒಳಗೆ ಹಸಿ ಉಳಿದರೆ ಕಾವು ಜಾಸ್ತಿ. ಆಗ ಕೆಂಡದ ಮೇಲೆ ಬೂದಿ ಎಳೆಯಿರಿ, ಗೋಡೆಗೆ ಉಪ್ಪುನೀರು ಚಿಮುಕಿಸಿ. ಚಿಮುಕಿಸಿ ಅಂದೆ, ಸುರಿಯಬೇಡಿ, ಬಿರುಕು ಬಿಡುತ್ತದೆ! ಕಾವು ಕಡಿಮೆ ಅನಿಸಿದರೆ ಕಿಂಡಿ ತೆಗೆದರೆ ಸಾಕು, ಗಾಳಿ ನುಗ್ಗಿ ಕೆಂಡ ತಾನೇ ಕೆಂಪಗಾಗುತ್ತದೆ.

ಸೌದೆಯದೂ ಒಂದು ಮಾತಿದೆ. ನಮ್ಮ ಕಡೆ ರಾಶಿ ಮುಗಿದ ಮೇಲೆ ತೊಗರಿ ಕಟ್ಟಿಗೆ ಬೇಕಾದಷ್ಟು ಸಿಗುತ್ತದೆ. ಭುಗ್ ಅಂತ ಉರಿದು ಅಷ್ಟೇ ಬೇಗ ಆರುತ್ತದೆ, ಹಾಗಾಗಿ ಬೆಂಕಿ ಹೊತ್ತಿಸಲು ಮಾತ್ರ ಅದು. ಕಾವು ನಿಲ್ಲಬೇಕಾದರೆ ಜಾಲಿ ಇದ್ದಿಲೇ ಬೇಕು. ಇನ್ನು, ಜೋಳದ ರೊಟ್ಟಿಯನ್ನು ಇದರಲ್ಲಿ ಮಾಡಲು ಹೋಗಬೇಡಿ, ಅದಕ್ಕೆ ಹಂಚೇ ಸರಿ ಅಲ್ವಾ?

ಭಟ್ಟಿ ಹೊಸದಾದರೆ ಮೊದಲ ಕೆಲವು ದಿನ ಸಣ್ಣ ಉರಿಯಲ್ಲೇ ಒಣಗಿಸಿ. ಮಳೆಗಾಲದಲ್ಲೂ ಅಷ್ಟೇ, ಮಣ್ಣು ತೇವ ಹೀರಿರುತ್ತದೆ. ಒಂದು ವಿಷಯ ನೀವು ಬರೆದಿಲ್ಲ: ಅದು ಡ್ರಮ್ಮಿನೊಳಗೆ ಕೂತಿದೆಯಾ, ಬರೀ ಮಣ್ಣಿನ ಗುಡಾಣವಾ? ಬರೀ ಗುಡಾಣವಾದರೆ ಸುತ್ತ ಇಟ್ಟಿಗೆ ಕಟ್ಟಿ ನಡುವೆ ಮರಳು ತುಂಬಿಸಿ. ಇಲ್ಲದಿದ್ದರೆ ಗೋಡೆ ಬೇಗ ತಣಿಯುತ್ತದೆ, ಎಷ್ಟು ಇದ್ದಿಲು ಹಾಕಿದರೂ ಸಾಲದು.