ಅಕ್ರಿಲಿಕ್ ಶಿಲ್ಪದೊಳಗೆ ಮೂಡಿದ ಗೆರೆಗಳು

ಪ್ರಶ್ನೆ: ಲಾಸ್ ಏಂಜಲೀಸ್‌ನಲ್ಲಿದ್ದೇನೆ. ಹಳೇ ಸಾಮಾನಿನ ಮಾರಾಟದಲ್ಲಿ ಬಣ್ಣಬಣ್ಣದ ಅಕ್ರಿಲಿಕ್ (ಗಾಜಿನಂಥ ಗಟ್ಟಿ ಪ್ಲಾಸ್ಟಿಕ್) ಕಂಬವೊಂದು ಸಿಕ್ಕಿತು. ಬುಡದಲ್ಲಿ ‘ವಾಸಾ 1979’ ಎಂದು ಕೊರೆದಿದೆ. ಗಾಜು ಒರೆಸುವ ದ್ರಾವಣ ಹಾಕಿ ಒರೆಸಿದ ಮೇಲೆ ಅಂಚಿನಲ್ಲಿ ಕೂದಲೆಳೆಯಂಥ ಗೆರೆಗಳು ಮೂಡಿವೆ. ಗೀರುಗಳೂ ಇವೆ. ಇದನ್ನು ಮಾಡಿದವರು ಯಾರು? ಸರಿಪಡಿಸಬಹುದೇ?

ಉತ್ತರ: ವಾಸಾ ಎಂದರೆ ವೆಲಿಜಾರ್ ಮಿಹಿಚ್. 1933ರಲ್ಲಿ ಅಂದಿನ ಯುಗೊಸ್ಲಾವಿಯಾದಲ್ಲಿ ಹುಟ್ಟಿ, ಬೆಲ್‌ಗ್ರೇಡ್‌ನಲ್ಲಿ ಕಲೆ ಕಲಿತು, 1960ರಲ್ಲಿ ಅಮೆರಿಕಕ್ಕೆ ವಲಸೆ ಬಂದವರು. 1967ರಿಂದ ಲಾಸ್ ಏಂಜಲೀಸ್‌ನ ಯುಸಿಎಲ್‌ಎ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದರು. ಚಿತ್ರಕಲೆಯಿಂದ ಶುರುಮಾಡಿದ ಅವರು ಬಣ್ಣವನ್ನು ಕ್ಯಾನ್ವಾಸಿನಿಂದ ಬಿಡಿಸಿ ಪಾರದರ್ಶಕ ಅಕ್ರಿಲಿಕ್ ಒಳಗೇ ಇಟ್ಟರು. ಬಣ್ಣದ ಪದರ, ತಿಳಿ ಪದರ ಅಂಟಿಸಿ ಮಾಡಿದ ಕಂಬವಿದು. ಸುತ್ತ ಒಂದು ಹೆಜ್ಜೆ ಸರಿದು ನೋಡಿ: ಹಳದಿಯ ಹಿಂದೆ ನೀಲಿ ಬಂದ ಕಡೆ ಹಸಿರು ಕಾಣುತ್ತದೆ, ಮತ್ತೆ ಸರಿದರೆ ಮಾಯ. ಸಹಿಯೊಂದನ್ನೇ ನಂಬಬೇಡಿ, ಬಲ್ಲವರಿಗೆ ತೋರಿಸಿ.

ಈಗ ಗೆರೆಗಳ ವಿಷಯ. ಅಕ್ರಿಲಿಕ್ಕನ್ನು ಕೊಯ್ದು, ಉಜ್ಜಿ, ಅಂಟಿಸುವಾಗ ಅದರೊಳಗೆ ಒತ್ತಡ ಉಳಿಯುತ್ತದೆ. ಆಲ್ಕೋಹಾಲ್, ಅಸಿಟೋನ್ ಅಥವಾ ಅಮೋನಿಯಾ ಇರುವ ದ್ರಾವಣ ತಾಗಿದರೆ ಆ ಒತ್ತಡ ಇರುವಲ್ಲೇ ಸಣ್ಣಗೆ ಸೀಳುತ್ತದೆ. ಓರೆಯಾಗಿ ಟಾರ್ಚ್ ಹಿಡಿಯಿರಿ. ಸೀಳುಗಳಾದರೆ ಅಭ್ರಕದ ಚೂರಿನ ಹಾಗೆ ಒಳಗಿನಿಂದ ಮಿನುಗುತ್ತವೆ. ಇವು ಉಜ್ಜಿದರೆ ಹೋಗುವುದಿಲ್ಲ, ಉಜ್ಜುವ ಬಿಸಿಗೆ ಇನ್ನಷ್ಟು ಬೆಳೆಯುತ್ತವೆ. ಅವನ್ನು ಮುಟ್ಟದೆ ಬಿಡಿ.

ಗೀರಿನ ಕತೆ ಬೇರೆ. ಉಗುರಿಗೆ ಸಿಗದಿದ್ದರೆ ಪ್ಲಾಸ್ಟಿಕ್ ಪಾಲಿಶ್, ಮೆತ್ತನೆ ಹತ್ತಿಬಟ್ಟೆ ಸಾಕು. ಉಗುರಿಗೆ ಸಿಕ್ಕರೆ ನೀರು ಹಾಕಿಕೊಂಡು 800, 1200, 2000 ನಂಬರಿನ ಉಜ್ಜುಕಾಗದ, ಆಮೇಲೆ ಪಾಲಿಶ್. ಪ್ರತಿ ಸಲ ದಿಕ್ಕು ಬದಲಿಸಿ. ಹಿಂದಿನ ಗೆರೆ ಪೂರ್ತಿ ಹೋಗದೆ ಮುಂದಿನ ನಂಬರಿಗೆ ಹೋದರೆ ಪಾಲಿಶ್ ಆದಮೇಲೆ ಅದೇ ಎದ್ದು ಕಾಣುತ್ತದೆ. ಸಹಿಯ ಹತ್ತಿರ ಉಜ್ಜಲೇಬೇಡಿ. ಬೆಂಕಿಯ ಜ್ವಾಲೆಯಲ್ಲಿ ಹೊಳಪು ಕೊಡುತ್ತೇವೆ ಎನ್ನುವವರ ಕೈಗೆ ದಯವಿಟ್ಟು ಕೊಡಬೇಡಿ.

ಹೊಸದಾಗಿ ಮಾಡುವವರು ಒತ್ತಡ ಇಳಿಸಲು 80 ಡಿಗ್ರಿ ಸೆಲ್ಸಿಯಸ್ ಬಿಸಿಯ ಓವನ್ನಿನಲ್ಲಿ ಇಡುತ್ತಾರೆ. ಎಷ್ಟು ಮಿಲಿಮೀಟರ್ ದಪ್ಪವೋ ಅದರ ಕಾಲುಭಾಗ ಗಂಟೆ, ಅಂದರೆ 40 ಮಿ.ಮೀ.ಗೆ 10 ಗಂಟೆ. ನಿಧಾನವಾಗಿ ಆರಿಸಿ, 60 ಡಿಗ್ರಿಗಿಂತ ಕೆಳಗಿಳಿದ ಮೇಲೆಯೇ ಹೊರತೆಗೆಯಬೇಕು. ನಿಮ್ಮದಕ್ಕೆ ಇದು ಬೇಡ, ಹಳೆಯ ಅಂಟು ಬಿಡಬಹುದು.

ಇನ್ನು ಮೇಲೆ ಉಗುರುಬೆಚ್ಚನೆ ನೀರು, ಎರಡು ಹನಿ ಪಾತ್ರೆ ತೊಳೆಯುವ ಸೋಪು, ಒದ್ದೆ ಮೈಕ್ರೋಫೈಬರ್ ಬಟ್ಟೆ. ಮೊದಲು ಧೂಳನ್ನು ನೀರಲ್ಲೇ ಇಳಿಸಿ. ಒಣಬಟ್ಟೆಯಲ್ಲಿ ಒರೆಸಿದರೆ ಧೂಳೇ ಗೀರುತ್ತದೆ. ಕಿಟಕಿ ಪಕ್ಕ ಇಡಬೇಡಿ. ಕಂಬ ದುಂಡಗಿದ್ದರಂತೂ ಭೂತಗನ್ನಡಿಯ ಹಾಗೆ ಬಿಸಿಲನ್ನು ಒಂದೇ ಕಡೆ ಸೇರಿಸಿ ಪರದೆಗೆ ಬೆಂಕಿ ಹತ್ತಿಸಬಲ್ಲದು.